ಅಡುಗೆಮನೆಯ ಪೈಪಿನಲ್ಲಿ ಕೇಳಿದ ಸದ್ದು

ಊರ ಕೆಳಗೆ ಹೊಳೆ. ಊರ ಮೇಲೆ ಗುಡ್ಡ, ಗುಡ್ಡದ ಮೇಲೆ ಟ್ಯಾಂಕು. ಹೊಳೆಯ ನೀರನ್ನು ಟ್ಯಾಂಕಿಗೆ ಏರಿಸುವುದು ಪಂಪ್‌ಹೌಸಿನ ಕೆಲಸ. ಆ ಪಂಪ್‌ಹೌಸಿನ ಆಪರೇಟರ್ ನನ್ನ ಅತ್ತಿಗೆ.

ಮೊದಲು ಅದು ನನ್ನಣ್ಣನ ಕೆಲಸವಾಗಿತ್ತು. ಅಣ್ಣ ವಾಲ್ವ್ ಗುಂಡಿಯಲ್ಲಿ ಸತ್ತ. ಮುಚ್ಚಿಟ್ಟ ಗುಂಡಿಯಲ್ಲಿ ಗಾಳಿ ಕೆಟ್ಟಿರುತ್ತದೆ. ಅವನಿಗೆ ಗೊತ್ತಿಲ್ಲದ್ದಲ್ಲ. ಮುಚ್ಚಳ ತೆಗೆದಿಡಿ, ಗಾಳಿಯಾಡಲಿ, ಮೇಲೊಬ್ಬ ನಿಂತಿರಲಿ, ಆಮೇಲೆ ಇಳಿಯಿರಿ ಎಂದು ನಮಗೆಲ್ಲ ಹೇಳಿಕೊಟ್ಟವನೇ ಅವನು. ಆ ದಿನ ಮೇಲೆ ನಿಲ್ಲಬೇಕಾದ ಹೆಲ್ಪರ್ ರಜೆ ಹಾಕಿದ್ದ. ಒಂದು ಬೋಲ್ಟು ಬಿಗಿ ಮಾಡುವುದಿತ್ತು ಅಷ್ಟೆ. ಅಣ್ಣ ಒಬ್ಬನೇ ಇಳಿದ.

ಅವನ ಕೆಲಸವನ್ನು ಅತ್ತಿಗೆಗೆ ಕೊಟ್ಟರು. ಮೊದಲ ದಿನ ಅವರು ಅಣ್ಣನ ಖಾಕಿ ಅಂಗಿಯನ್ನೇ ತೊಟ್ಟು ಬಂದರು. ತೋಳು ಉದ್ದವಾಗಿತ್ತು, ಮಡಿಸಿದ್ದರು. ಇನ್ನೊಂದು ಪಾಳಿಯ ಆಪರೇಟರನ್ನು ಎಲ್ಲರೂ ರೇಡಿಯೋ ಅನ್ನುತ್ತಾರೆ, ಬಾಯಿ ನಿಲ್ಲುವುದೇ ಇಲ್ಲ ಅಂತ. ಅವನು ಬೀಗದ ಕೈ ಗೊಂಚಲು ಕೊಡುತ್ತಾ ಹೇಳಿದ:

“ಅಕ್ಕಾ, ಈ ಗೇಟ್ ವಾಲ್ವ್ ನೋಡಿದ್ರಾ? ಇದನ್ನ ಮುಚ್ಚೋಕೆ ನಾವು ಗಂಡಸರೇ ಉಸ್ಸಪ್ಪಾ ಅಂತೀವಿ. ನಿಮ್ಮ ಕೈಲಿ ಆಗುತ್ತಾ?”

“ನಿನ್ನ ಬಾಯಿ ಮುಚ್ಚೋದಕ್ಕಿಂತ ಸುಲಭ ಇರುತ್ತೆ ಬಿಡು,” ಎಂದು ಅತ್ತಿಗೆ ಚಕ್ರಕ್ಕೆ ಕೈ ಹಾಕಿದರು.

ಅವರಿಗೆ ಆ ಕೆಲಸ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಅಣ್ಣ ಅವರನ್ನು ಮೊದಲು ಕರೆದುಕೊಂಡು ಹೋದದ್ದೇ ಪಂಪ್‌ಹೌಸಿಗೆ. “ಬೇರೆಯವರ ಗಂಡಂದಿರು ಸಿನಿಮಾ ತೋರಿಸಿದ್ರು, ನಿಮ್ಮಣ್ಣ ವಾಲ್ವ್ ತೋರಿಸಿದ್ರು,” ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಅಣ್ಣ ಒಂದೊಂದನ್ನೂ ಮನೆಯವರಿಗೆ ಹೋಲಿಸಿ ಹೇಳುತ್ತಿದ್ದನಂತೆ.

“ಇದು ಗೇಟ್ ವಾಲ್ವ್. ನಮ್ಮಪ್ಪನ ಹಾಗೆ. ತೆರೆದ್ರೆ ಪೂರ್ತಿ ತೆರೀಬೇಕು, ಮುಚ್ಚಿದ್ರೆ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ಬಿಟ್ಯೋ, ಗಡಗಡ ನಡುಗಿ ತನ್ನನ್ನ ತಾನೇ ಹಾಳು ಮಾಡ್ಕೊಳ್ಳುತ್ತೆ. ಇದು ಗ್ಲೋಬ್ ವಾಲ್ವ್, ನಮ್ಮಮ್ಮ. ಎಷ್ಟು ಬೇಕೋ ಅಷ್ಟೇ, ಅಳೆದು ಬಿಡುತ್ತೆ. ಆದ್ರೆ ಒಳಗೆ ದಾರಿ ಡೊಂಕು, ದಾಟಿ ಹೋಗೋಷ್ಟರಲ್ಲಿ ನೀರಿಗೆ ಸಾಕುಸಾಕಾಗುತ್ತೆ. ಗುಡ್ಡದ ತಿರುವಲ್ಲಿರೋದು ಏರ್ ವಾಲ್ವ್. ಪೈಪಲ್ಲಿ ಗಾಳಿ ಇರೋವರೆಗೂ ಬುಸುಬುಸು ಬಿಡ್ತಾ ಇರುತ್ತೆ, ನೀರು ಬಂತು ಅಂದ್ರೆ ಬಾಯಿ ಮುಚ್ಚುತ್ತೆ. ಅತ್ತೆ ಬಂದ ಕೂಡಲೇ ಸೊಸೆಯರು ಸುಮ್ಮನಾದ ಹಾಗೆ.”

“ಟ್ಯಾಂಕಲ್ಲಿ ತೇಲೋ ಚೆಂಡು?”

“ಬಾಲ್ ಕಾಕ್. ಹೊಟ್ಟೆ ತುಂಬಿದ ತಕ್ಷಣ ಸಾಕು ಅನ್ನುತ್ತೆ. ನಮ್ಮ ಚಿಕ್ಕೋನ ಥರ ಅಲ್ಲ.”

ಚಿಕ್ಕೋನು ಅಂದರೆ ನಾನು.

ಗುಂಡಿಯಲ್ಲಿರುವುದು ನಾನ್ ರಿಟರ್ನ್ ವಾಲ್ವ್. ಅದಕ್ಕೆ ಚಕ್ರ ಇಲ್ಲ, ಹಿಡಿ ಇಲ್ಲ. ಒಳಗೆ ಒಂದು ಕಬ್ಬಿಣದ ಎಲೆ ನೇತಾಡುತ್ತಿರುತ್ತದೆ. ನೀರು ಮೇಲೆ ಹೋಗುವಾಗ ಎಲೆ ಎದ್ದು ದಾರಿ ಬಿಡುತ್ತದೆ. ನೀರು ಹಿಂದೆ ಬರಲು ನೋಡಿದರೆ ಬಿದ್ದು ಮುಚ್ಚಿಕೊಳ್ಳುತ್ತದೆ. ಮನುಷ್ಯನ ಕೈ ಬೇಕಿಲ್ಲ. “ಇದು ಯಾರ ಹಾಗೆ?” ಎಂದು ಅತ್ತಿಗೆ ಕೇಳಿದ್ದಕ್ಕೆ ಅಣ್ಣ ತಲೆ ಕೆರೆದುಕೊಂಡು, “ಇಂಥವರು ನಮ್ಮ ಮನೇಲಿ ಯಾರೂ ಇಲ್ಲ,” ಎಂದನಂತೆ.

ಪಂಪ್ ನಿಲ್ಲಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಗೇಟ್ ವಾಲ್ವನ್ನು ನಿಧಾನವಾಗಿ ಮುಚ್ಚಬೇಕು. ಆಮೇಲೆ ಮೋಟಾರ್ ಆಫ್ ಮಾಡಬೇಕು. ಗೇಟ್ ತೆರೆದಿರುವಾಗಲೇ ಮೋಟಾರ್ ನಿಂತರೆ ಗುಡ್ಡ ಹತ್ತುತ್ತಿದ್ದ ನೀರೆಲ್ಲ ಒಟ್ಟಿಗೆ ಹಿಂದೆ ನುಗ್ಗುತ್ತದೆ. ಗುಂಡಿಯೊಳಗಿನ ಎಲೆ ಧಡ್ ಎಂದು ಬಡಿದುಕೊಳ್ಳುತ್ತದೆ. ಒಮ್ಮೆ ಬಡಿದು ಸುಮ್ಮನಾಗುವುದಿಲ್ಲ. ನೀರು ಗುದ್ದಿ, ಹಿಮ್ಮೆಟ್ಟಿ, ಮತ್ತೆ ಗುದ್ದುತ್ತದೆ. ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಪೈಪಿನುದ್ದಕ್ಕೂ ಸದ್ದು ಹೋಗುತ್ತದೆ. ಅಣ್ಣನ ಕಾಲದಲ್ಲಿ ಹಾಗೆ ಆದದ್ದನ್ನು ಯಾರೂ ಕೇಳಿರಲಿಲ್ಲ. ಪಂಪ್‌ಹೌಸಿಗೆ ಬೇರೆಯೇ ಕರೆಂಟ್ ಲೈನು, ಅದು ಹೋಗುವುದೂ ಅಪರೂಪ. ಅವನ ಪಾಳಿಯಲ್ಲಿ ಪಂಪ್ ನಿಂತದ್ದೇ ಗೊತ್ತಾಗುತ್ತಿರಲಿಲ್ಲ.

ಅತ್ತಿಗೆ ಕೆಲಸಕ್ಕೆ ಸೇರಿ ಒಂದು ಬೇಸಿಗೆ ಕಳೆದಿರಬೇಕು. ಗುಂಡಿ ಬಡಿಯುತ್ತದೆ ಎಂದು ಸುದ್ದಿಯಾಯಿತು.

ಹೊಳೆಗೆ ಬಟ್ಟೆ ಒಗೆಯಲು ಬರುವವರು ಮೊದಲು ಕೇಳಿದರು. ಆಮೇಲೆ ಪೈಪ್‌ಲೈನಿನ ಪಕ್ಕದ ಮನೆಯವರು. ಅಣ್ಣ ಸತ್ತ ಗುಂಡಿ. ಸಂಜೆ ಪಂಪ್ ನಿಲ್ಲುವ ಹೊತ್ತು. ಜನರಿಗೆ ಇನ್ನೇನು ಬೇಕು? ಗುಂಡಿಯ ಹತ್ತಿರದ ಕಾಲುದಾರಿಯನ್ನು ಬಿಟ್ಟು ಸುತ್ತಿಬಳಸಿ ಹೋಗತೊಡಗಿದರು. ನಾನು ನೀರು ಸರಬರಾಜಿನವರ ವರ್ಕ್‌ಶಾಪಿನಲ್ಲಿ ಫಿಟ್ಟರ್. ರೇಡಿಯೋ ಅಲ್ಲಿಗೇ ಬಂದು ಹೇಳಿದ.

“ಫಿಟ್ಟರೇ, ನಗಬೇಡಿ. ನನ್ನ ಪಾಳೀಲಿ ಒಂದು ದಿನವೂ ಬಡಿದಿಲ್ಲ. ಅಕ್ಕನ ಪಾಳೀಲಿ ಮಾತ್ರ. ದಿನಾ.”

“ಅದಕ್ಕೆ?”

“ಅದಕ್ಕೆ ಅಂದ್ರೆ? ಗಂಡ ಹೆಂಡ್ತೀನ ಕರೀತಾನೆ. ನನ್ನನ್ನ ಯಾಕೆ ಕರೀತಾನೆ? ನನ್ನ ಕಂಡ್ರೆ ಬದುಕಿದ್ದಾಗಲೇ ಆಗ್ತಿರ್ಲಿಲ್ಲ.”

ನಾನು ನಗಲಿಲ್ಲ. ಅದು ನಾನ್ ರಿಟರ್ನ್ ವಾಲ್ವಿನ ಎಲೆ ಎಂದು ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಗೊತ್ತಾಗದಿದ್ದದ್ದು ಒಂದೇ. ಅದು ಅತ್ತಿಗೆಯ ಪಾಳಿಯಲ್ಲಿ ಮಾತ್ರ ಯಾಕೆ?

ಸ್ವಲ್ಪ ದಿನಕ್ಕೆ ಮೇಲಿನವರಿಂದಲೇ ಕೆಲಸ ಬಂತು. ಗುಂಡಿಯ ಪಕ್ಕ ಎರಡು ಪೈಪು ಸೇರುವ ಫ್ಲ್ಯಾಂಜಿನಲ್ಲಿ ನೀರು ಜಿನುಗುತ್ತಿದೆ, ವಾಲ್ವ್ ಸವೆದಿದೆ, ಹೊಸದು ಕೂರಿಸಿ ಎಂದರು. ಹೊಸ ವಾಲ್ವ್ ಬೇರೆ ಥರದ್ದು. ಅದರ ಎಲೆಗೆ ಸ್ಪ್ರಿಂಗ್ ಇದೆ. ನೀರು ಹಿಂದೆ ತಿರುಗುವ ಮೊದಲೇ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಸದ್ದು ಬರುವುದಿಲ್ಲ.

ನಾನು ವಾಲ್ವನ್ನು ಗಾಡಿಯಲ್ಲಿ ಹಾಕಿಕೊಂಡು ಮಧ್ಯಾಹ್ನ ಹೋದೆ. ಅತ್ತಿಗೆ ಮೋಟಾರಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಬಣ್ಣ ಹೋದ ಗೋಡೆ, ನೆಲದಲ್ಲಿ ಗ್ರೀಸಿನ ಕಲೆ, ಕಿಟಕಿಯಲ್ಲಿ ಒಣಗಲು ಹಾಕಿದ ಕೈವಸ್ತ್ರ. ಹೊಸ ವಾಲ್ವನ್ನು ನೋಡಿದರು. ಬಗ್ಗಿ ಅದರ ಬಾಯೊಳಗೆ ಬೆರಳು ಹಾಕಿ ಸ್ಪ್ರಿಂಗನ್ನು ಒತ್ತಿದರು.

“ಇದು ಬಡಿಯಲ್ಲ, ಅಲ್ವಾ?”

“ಬಡಿಯಲ್ಲ ಅತ್ತಿಗೆ.”

“ಯಾವತ್ತು ಹಾಕ್ತೀಯ?”

“ನಾಳೆ ಬೆಳಿಗ್ಗೆ.”

ಪಾಳಿ ಮುಗಿಯುವ ಹೊತ್ತಾಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತಿಗೆ ಎದ್ದರು. ಗೇಟ್ ವಾಲ್ವಿನ ಚಕ್ರದ ಪಕ್ಕದಲ್ಲೇ ಹಾದುಹೋದರು. ಅದನ್ನು ಮುಟ್ಟಲಿಲ್ಲ. ನೇರವಾಗಿ ಹೋಗಿ ಮೋಟಾರ್ ಆಫ್ ಮಾಡಿದರು.

ಹೊರಗೆ ಗುಂಡಿಯಲ್ಲಿ ಧಡ್ ಎಂದಿತು. ನೆಲ ನಡುಗಿತು. ಮತ್ತೆ ಧಡ್. ಮತ್ತೆ, ಸ್ವಲ್ಪ ಮೆಲ್ಲಗೆ. ಅತ್ತಿಗೆ ಪೈಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದರು. ಸದ್ದು ಪೂರ್ತಿ ಸತ್ತ ಮೇಲೆ ಕೈ ತೆಗೆದರು.

ನನಗೆ ಕೋಪ ಬರಬೇಕಿತ್ತು. ಫ್ಲ್ಯಾಂಜ್ ಯಾಕೆ ಜಿನುಗುತ್ತಿದೆ ಎಂದು ಈಗ ಗೊತ್ತಾಗಿತ್ತು. ಪೈಪ್ ಒಡೆದರೆ ಇಡೀ ಊರಿಗೆ ನೀರಿಲ್ಲ, ಅತ್ತಿಗೆಗೆ ಕೆಲಸವೂ ಇಲ್ಲ. ಆದರೆ ಅವರ ಮುಖ ನೋಡಿ ನನಗೆ ಭಯವೇ ಆಯಿತು.

“ಅತ್ತಿಗೆ, ಗೇಟ್ ಮುಚ್ಚೋದು ಮರೆತ್ರಿ.”

“ಮರೆತಿಲ್ಲ.”

“ಬೇಕಂತಲೇ?”

“ಹೂಂ.”

“ದಿನಾ?”

ಅತ್ತಿಗೆ ಸ್ಟೂಲಿನ ಮೇಲೆ ಕೂತರು. “ನೀನೂ ಅಂದುಕೊಂಡ್ಯಾ, ಇವಳಿಗೆ ತಲೆ ಕೆಟ್ಟಿದೆ, ಗಂಡ ಬಡೀತಾನೆ ಅಂತ ಕೇಳ್ತಾ ನಿಂತಿರ್ತಾಳೆ ಅಂತ?”

“ಇಲ್ಲ ಅತ್ತಿಗೆ.”

“ಅದು ವಾಲ್ವ್ ಅಂತ ನಂಗೊತ್ತು ಕಣೋ. ನಿನಗಿಂತ ಮೊದಲೇ ಗೊತ್ತು.”

ಆಮೇಲೆ ಹೇಳಿದರು. ಯಾರಿಗೂ ಹೇಳದ್ದನ್ನು ಹೇಳಿದರು.

ಪಂಪ್‌ಹೌಸಿನ ಹಿಂದೆಯೇ ಕ್ವಾರ್ಟರ್ಸು. ದೊಡ್ಡ ಪೈಪಿನಿಂದ ಒಂದು ಸಣ್ಣ ಪೈಪು ಕವಲೊಡೆದು ಗೋಡೆಗುಂಟ ಅಡುಗೆಮನೆಯ ನಲ್ಲಿಗೆ ಬರುತ್ತದೆ. ಅಣ್ಣ ಪಾಳಿ ಮುಗಿಸಿ ಹೊರಡುವ ಮುಂಚೆ ಸ್ಪ್ಯಾನರಿನಿಂದ ಪೈಪನ್ನು ತಟ್ಟುತ್ತಿದ್ದ. ಅದು ಅಡುಗೆಮನೆಯಲ್ಲಿ ಕೇಳುತ್ತಿತ್ತು. ಟೀಗೆ ನೀರಿಡು, ಬಂದೆ ಎಂದು ಅರ್ಥ. ಅವನು ಸತ್ತ ದಿನವೂ ಅತ್ತಿಗೆ ಅಡುಗೆಮನೆಯಲ್ಲಿದ್ದರು. ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದರು. ಪೈಪಿನಲ್ಲಿ ಸದ್ದಾಯಿತು. ಕಿವಿಗೊಟ್ಟು ಕೇಳಲಿಲ್ಲ. ದಿನಾ ಕೇಳುವ ಸದ್ದಲ್ಲವೇ? ಟೀಗೆ ನೀರಿಟ್ಟರು. ನೀರು ಕುದಿದು ಇಂಗಿತು. ಆಮೇಲೆ ರೇಡಿಯೋ ಕಿರುಚುತ್ತಾ ಓಡಿ ಬಂದ.

“ಅವರು ಗುಂಡೀಲಿ ಬಿದ್ದು ಬಡಿದಿದ್ರೆ?” ಎಂದರು ಅತ್ತಿಗೆ. “ಬಾ, ಬಂದು ಎತ್ತು ಅಂತ ಬಡಿದಿದ್ರೆ? ನಾನು ಟೀಗಿಟ್ಟೆ.”

ಅತ್ತಿಗೆ ಗೇಟ್ ವಾಲ್ವಿನ ಚಕ್ರದ ಕಡೆ ನೋಡಿದರು.

“ಅಥವಾ ವಾಲ್ವ್ ಆಗಿದ್ರೆ? ಕರೆಂಟ್ ಹೋಗಿ ಪಂಪ್ ತಾನಾಗೇ ನಿಂತಿದ್ರೆ ಗೇಟ್ ತೆರೆದೇ ಇರುತ್ತೆ. ವಾಲ್ವ್ ಬಡೀತದೆ. ಅವರೇ ಗೇಟ್ ಮುಚ್ಚಿ, ಪಂಪ್ ನಿಲ್ಲಿಸಿ ಇಳಿದಿದ್ರೆ ಬಡಿಯಲ್ಲ. ರೇಡಿಯೋನ ಎಷ್ಟೋ ಸಲ ಕೇಳ್ದೆ. ಗೇಟ್ ತೆರೆದಿತ್ತೋ ಮುಚ್ಚಿತ್ತೋ ಅವನಿಗೆ ನೆನಪಿಲ್ಲ. ಗಾಬರೀಲಿ ಎಲ್ಲಾ ಚಕ್ರಾನೂ ತಿರುಗಿಸಿಬಿಟ್ಟಿದ್ದ.”

“ಅದನ್ನ ತಿಳ್ಕೊಳ್ಳೋಕೆ ದಿನಾ ಹೀಗೆ...”

“ಇಲ್ಲಿ ನಿಂತು ಕೇಳಿದ್ರೆ ಒಂದಿನ ಅವರೇ ಅನ್ಸುತ್ತೆ, ಒಂದಿನ ಬರೀ ಕಬ್ಬಿಣ ಅನ್ಸುತ್ತೆ. ನಾನು ಅವತ್ತು ಕೇಳಿದ್ದು ಇಲ್ಲಲ್ಲ, ಅಲ್ಲಿ.” ಅಡುಗೆಮನೆಯ ಕಡೆ ಕೈ ತೋರಿಸಿದರು. “ಅಲ್ಲಿ ನಿಂತು ಕೇಳಬೇಕು. ಇಲ್ಲಿ ಇನ್ಯಾರಾದ್ರೂ ಪಂಪ್ ನಿಲ್ಲಿಸಬೇಕು. ಯಾರನ್ನ ಕೇಳಲಿ? ತಪ್ಪು ಮಾಡು ಅಂತ ಯಾರಿಗೆ ಹೇಳಲಿ?”

ಗುಂಡಿಯ ಕಡೆ ಕೈ ಮಾಡಿ ಹೇಳಿದರು: “ನಾಳೆ ನೀನು ಇದನ್ನ ಕಿತ್ತು ಬಿಸಾಕ್ತೀಯ. ಆಮೇಲೆ ಜನ್ಮದಲ್ಲಿ ಗೊತ್ತಾಗಲ್ಲ. ಒಂದೇ ಒಂದು ಸಲ ಕಣೋ, ಚಿಕ್ಕೋನೇ.”

ಜಿನುಗುವ ಫ್ಲ್ಯಾಂಜನ್ನು ಹೋಗಿ ನೋಡಿದೆ. ಬೋಲ್ಟುಗಳಿಗೆ ಇನ್ನೊಂದು ಸುತ್ತು ಕೊಟ್ಟೆ. ಇನ್ನೊಂದು ಹೊಡೆತ ತಡೆಯುತ್ತದೆ ಅನ್ನಿಸಿತು. ತಡೆಯದಿದ್ದರೆ ಅತ್ತಿಗೆಯ ಕೆಲಸದ ಜೊತೆ ನನ್ನದೂ ಹೋಗುತ್ತದೆ. ಆದರೂ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಅವನು ನನಗೂ ಅಣ್ಣ.

ರೇಡಿಯೋ ಪಾಳಿಗೆ ಬಂದಿದ್ದ. ಪಂಪ್ ಮತ್ತೆ ಶುರುಮಾಡಲು ಹೇಳಿದೆ. ಗುಡ್ಡದ ಏರ್ ವಾಲ್ವ್ ಉಸಿರು ಬಿಡುವುದು ನಿಂತು, ಟ್ಯಾಂಕಿನವರೆಗೂ ನೀರು ಏರುವ ತನಕ ಕಾದೆವು. ಆಮೇಲೆ ಅವನಿಗೆ ಹೇಳಿದೆ:

“ನಾನು ಅಡುಗೆಮನೆಯಿಂದ ಸೀಟಿ ಹೊಡೀತೀನಿ. ಕೇಳಿದ ತಕ್ಷಣ ಮೋಟಾರ್ ಆಫ್ ಮಾಡು. ಗೇಟ್ ಮುಟ್ಟಬೇಡ.”

ರೇಡಿಯೋನ ಬಾಯಿ ತೆರೆದದ್ದು ಹಾಗೇ ಉಳಿಯಿತು. “ಮುಟ್ಟಬಾರದಾ? ನನ್ನ ಕೈಯಿಂದ ಅವನನ್ನ ಕರೆಸ್ತೀರಾ?”

“ವಾಲ್ವ್ ಕಣೋ ಅದು.”

“ವಾಲ್ವ್ ಅಂತ ಹಗಲಲ್ಲಿ ನಾನೂ ಹೇಳ್ತೀನಿ. ಆಮೇಲೆ ಅವನು ನನ್ನ ಹಿಂದೆ ಬಿದ್ರೆ? ನಮ್ಮನೇಲಿ ಜಾಗ ಇಲ್ಲ ಫಿಟ್ಟರೇ, ನಾವೇ ಒಬ್ಬರ ಮೇಲೊಬ್ಬರು ಮಲಗೋದು.”

ಅತ್ತಿಗೆ ಬಾಗಿಲಲ್ಲಿ ನಿಂತು, “ನನಗೋಸ್ಕರ ಮಾಡಪ್ಪ,” ಎಂದರು. ರೇಡಿಯೋ ಸ್ವಿಚ್ಚಿನ ಪಕ್ಕ ಹೋಗಿ ನಿಂತ. ಅವನು ಮಾತಾಡದೆ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಅಡುಗೆಮನೆ ಸಣ್ಣದು. ಇಬ್ಬರು ನಿಂತರೆ ತುಂಬಿತು. ಕಲ್ಲಿನ ಕಟ್ಟೆ, ಒಲೆ, ಗೋಡೆಗುಂಟ ಬಂದ ಪೈಪು. ಪೈಪಿನ ಮೇಲ್ಗಡೆ ಮೊಳೆಗಳಿಗೆ ಜಾಲರಿ ಸೌಟು, ಚಿಮಟ, ಚಾಕು ನೇತುಹಾಕಿದ್ದರು. ಅತ್ತಿಗೆ ನಲ್ಲಿ ಬಿಟ್ಟರು. ಒಂದು ಪಾತ್ರೆ ತೆಗೆದುಕೊಂಡು ತೊಳೆಯತೊಡಗಿದರು. ತೊಳೆದ ಪಾತ್ರೆಯೇ ಅದು. ಪಂಪಿನ ಗುಂಯ್ ಸದ್ದು ಗೋಡೆಯಲ್ಲಿ ಕೇಳುತ್ತಿತ್ತು.

“ಈಗ ಬರೋ ಸದ್ದು ಅವತ್ತಿನದಲ್ಲ ಅಂತಾದ್ರೆ ಅವತ್ತು ಬಡಿದದ್ದು ಅವರೇ,” ಎಂದರು, ನನ್ನ ಕಡೆ ತಿರುಗದೆ. “ಹೊಡಿ ಸೀಟಿ.”

ನನ್ನ ತುಟಿ ಒಣಗಿತ್ತು. ಮೊದಲ ಸಲ ಸೀಟಿ ಬರಲೇ ಇಲ್ಲ. ಎರಡನೆಯ ಸಲ ಬಂತು.

ಗೋಡೆಯ ಗುಂಯ್ ನಿಂತಿತು. ಒಂದು ಕ್ಷಣ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಧಡ್.

ಪೈಪು ಗೋಡೆಯಲ್ಲಿ ಒದ್ದಾಡಿತು. ನಲ್ಲಿಯ ನೀರು ಬಿಕ್ಕಿತು. ಮತ್ತೆ ಧಡ್. ಮೊಳೆಯಲ್ಲಿದ್ದ ಸೌಟು ಕಿಣಿಕಿಣಿ ಎಂದು ಗೋಡೆಗೆ ತಾಗಿ ಅಲ್ಲಾಡತೊಡಗಿತು. ಅತ್ತಿಗೆ ಒದ್ದೆ ಕೈ ಎತ್ತಿ ಸೌಟನ್ನು ಹಿಡಿದು ನಿಲ್ಲಿಸಿದರು. ಯೋಚಿಸಿ ಹಿಡಿದದ್ದಲ್ಲ. ಕೈ ತಾನಾಗಿ ಹೋಯಿತು.

ಹಿಡಿದ ಕೈ ಹಾಗೇ ನಿಂತಿತು. ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

“ಅವತ್ತೂ ಹಿಡಿದಿದ್ದೆ,” ಎಂದರು.

“ಏನು ಅತ್ತಿಗೆ?”

“ಸೌಟು. ಅವತ್ತೂ ಅಲ್ಲಾಡ್ತು. ಹೀಗೇ ಹಿಡಿದು ನಿಲ್ಲಿಸಿದ್ದೆ. ಮರೆತೇ ಹೋಗಿತ್ತು. ಅವರು ಸ್ಪ್ಯಾನರಲ್ಲಿ ತಟ್ಟಿದ್ರೆ ಸೌಟು ಯಾವತ್ತೂ ಅಲ್ಲಾಡಿದ್ದಿಲ್ಲ.”

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. “ಹಾಗಾದ್ರೆ ಅದು ವಾಲ್ವೇ ಅತ್ತಿಗೆ. ಕರೆಂಟ್ ಹೋಗಿತ್ತು. ಅಣ್ಣ ಅಲ್ಲ. ನೀವು ಟೀಗಿಟ್ಟದ್ದರಲ್ಲಿ ಏನೂ ತಪ್ಪಿಲ್ಲ.”

ಅವರು ನಲ್ಲಿ ನಿಲ್ಲಿಸಿದರು. ಪಾತ್ರೆಯನ್ನು ಬೋರಲು ಹಾಕಿದರು. ಕಟ್ಟೆಗೆ ಒರಗಿ ನೆಲದ ಮೇಲೆ ಕೂತರು. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ.

“ಹಾಗಾದ್ರೆ ಅವರು ಕರೀಲೇ ಇಲ್ಲ,” ಎಂದರು.

ಕೂತಲ್ಲಿಂದಲೇ ಗೋಡೆಯ ಪೈಪನ್ನು ಮುಟ್ಟಿದರು.

“ಇಷ್ಟು ಹತ್ತಿರ ಇದ್ದೆ. ಇಲ್ಲೇ. ಸ್ಪ್ಯಾನರ್ ಕೈಲಿತ್ತು, ಪೈಪು ಪಕ್ಕದಲ್ಲಿತ್ತು. ಟೀ ಬೇಕಾದ್ರೆ ಬಡೀತಾರೆ. ಪ್ರಾಣ ಹೋಗುವಾಗ ಬಡಿಯೋಕೇನಾಗಿತ್ತು?”

“ಆ ಗಾಳೀಲಿ ಕೈ ಎತ್ತೋಕೂ ಆಗಲ್ಲ ಅತ್ತಿಗೆ. ತಲೆ ಸುತ್ತಿ ಬಿದ್ರೆ ಮುಗೀತು. ಅವನಿಗೆ ಗೊತ್ತೇ ಆಗಿರಲ್ಲ.”

“ಗೊತ್ತು ಕಣೋ. ಎಲ್ಲಾ ಗೊತ್ತು.” ಸೆರಗಿನಿಂದ ಕೈ ಒರೆಸಿಕೊಂಡರು. “ಇಷ್ಟು ದಿನ ಕರೆದ್ರು, ನಾನು ಹೋಗ್ಲಿಲ್ಲ ಅಂತ ಸಾಯ್ತಿದ್ದೆ. ಆದ್ರೂ ಕರೆದ್ರು ಅಂತ ಒಂದಿತ್ತು.”

ರೇಡಿಯೋ ಬಾಗಿಲಿಗೆ ಬಂದಿದ್ದ. ಒಳಗೆ ಕಾಲಿಡಲಿಲ್ಲ. ಮೆಲ್ಲಗೆ ಕೇಳಿದ: “ಬಂದ್ನಾ?”

“ಇಲ್ಲಪ್ಪ,” ಎಂದರು ಅತ್ತಿಗೆ. “ಬರ್ಲಿಲ್ಲ.”

ಮಾರನೆಯ ಬೆಳಿಗ್ಗೆ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಿ, ಪೈಪಿನ ನೀರು ಖಾಲಿ ಮಾಡಿ, ಗುಂಡಿಯ ಮುಚ್ಚಳ ತೆಗೆದಿಟ್ಟೆವು. ಬಿಸಿಲು ಚೆನ್ನಾಗಿ ಬೀಳುವ ತನಕ ಗಾಳಿಯಾಡಲು ಬಿಟ್ಟೆವು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಹಗ್ಗದ ಇನ್ನೊಂದು ತುದಿ ರೇಡಿಯೋನ ಕೈಯಲ್ಲಿ. ಅತ್ತಿಗೆ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತರು.

ಇಳಿದೆ. ಒಳಗೆ ತಣ್ಣಗಿತ್ತು. ಮಣ್ಣಿನ ಮತ್ತು ತುಕ್ಕಿನ ವಾಸನೆ. ಅಣ್ಣ ಎಲ್ಲಿ ಬಿದ್ದಿದ್ದನೋ ಅಲ್ಲೇ ನಿಲ್ಲಬೇಕು, ಬೇರೆ ಜಾಗ ಇಲ್ಲ. ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ.

“ಬಡೀತಾ ಇರು!” ಅತ್ತಿಗೆ ಮೇಲಿನಿಂದ ಕೂಗಿದರು.

“ಎರಡೂ ಕೈ ಕೆಲಸದಲ್ಲಿದೆ ಅತ್ತಿಗೆ.”

“ಹಾಗಾದ್ರೆ ಮಾತಾಡು. ನಿಲ್ಲಿಸಬೇಡ.”

“ಏನು ಮಾತಾಡ್ಲಿ?”

“ಏನಾದ್ರೂ. ಬಾಯಿ ಇದ್ಯಲ್ಲ?”

ನನಗೆ ಮಾತು ಬರುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಹೇಳತೊಡಗಿದೆ. ಬೋಲ್ಟು ತುಕ್ಕು ಹಿಡಿದಿದೆ ಅತ್ತಿಗೆ. ಹೂಂ. ಸ್ವಲ್ಪ ಎಣ್ಣೆ ಬಿಡ್ತಿದೀನಿ. ಹೂಂ. ಈಗ ಸಡಿಲ ಆಯ್ತು. ಹೂಂ. ಪ್ಯಾಕಿಂಗ್ ರಬ್ಬರು ಪೂರ್ತಿ ಕೊಳೆತಿದೆ, ಕೆರೆದು ತೆಗೀಬೇಕು. ಹೂಂ. ಒಂದೊಂದು ಮಾತಿಗೂ ಮೇಲಿನಿಂದ ಹೂಂ ಬರುತ್ತಿತ್ತು, ಮಗು ಹೇಳುವ ಕತೆಗೆ ತಾಯಿ ಹೂಂಗುಟ್ಟುವ ಹಾಗೆ. ಹಳೆಯ ವಾಲ್ವನ್ನು ಹಗ್ಗ ಕಟ್ಟಿ ಮೇಲೆ ಕಳಿಸಿದೆ. ಹೊಸದು ಕೆಳಗೆ ಬಂತು. ಕೂರಿಸಿದೆ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆ. ಎಲ್ಲವನ್ನೂ ಹೇಳುತ್ತಲೇ ಮಾಡಿದೆ. ಅಷ್ಟು ಮಾತು ನಾನು ಹುಟ್ಟಿದ ಮೇಲೆ ಆಡಿರಲಿಲ್ಲ.

“ಮುಗೀತು ಅತ್ತಿಗೆ. ಹತ್ತಿ ಬರ್ತಿದೀನಿ.”

“ಹೂಂ.”

ಏಣಿ ಹತ್ತಿ ಹೊರಗೆ ಬಂದೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ರೇಡಿಯೋ ನನ್ನ ಸೊಂಟದ ಹಗ್ಗ ಬಿಚ್ಚಿದ. ಅತ್ತಿಗೆ ಎದ್ದಿರಲಿಲ್ಲ. ಮಂಡಿಯ ಮೇಲೆ ಹಾಗೇ ಕೂತು ಗುಂಡಿಯೊಳಗೆ ನೋಡುತ್ತಿದ್ದರು.

“ಅತ್ತಿಗೆ, ನಾನು ಮೇಲೆ ಬಂದೆ.”

ಅವರು ನನ್ನತ್ತ ಕೈ ಮಾಡಿದರು, ಸ್ವಲ್ಪ ಸುಮ್ಮನಿರು ಎನ್ನುವ ಹಾಗೆ. ತಲೆ ಬಗ್ಗಿಸಿ ಕಿವಿಗೊಟ್ಟರು. ಕೆಳಗೆ ಯಾರೂ ಇರಲಿಲ್ಲ.

“ಹೂಂ,” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಹೂಂ.”

ರೇಡಿಯೋ ಹಗ್ಗ ಸುತ್ತುವುದನ್ನು ನಿಲ್ಲಿಸಿದ. ನಾವಿಬ್ಬರೂ ಗುಂಡಿಗೆ ಮುಚ್ಚಳ ಹಾಕಲು ಹೋಗಲಿಲ್ಲ.